ಮಾರಿಕ್ಕನಿಯ ಸೊನ್ನೆ ಹಾಜರಿ

ತಮಿಳುನಾಡಿನ ಸಂಕರನ್‌ಕೋವಿಲ್‌ನ ನೇಕಾರರ ಬೀದಿಯಲ್ಲಿ ಮಾರಿಕ್ಕನಿಗೆ ಸಿಟ್ಟು ಬಂದರೆ ಮಗ್ಗದ ಸದ್ದೂ ಅಡಗಿಹೋಗುತ್ತಿತ್ತು. ಕೊರೊನಾ ವರ್ಷವಂತೂ ಆ ಸಿಟ್ಟಿಗೆ ಬಿಡುವೇ ಇರಲಿಲ್ಲ. ಕಾಲೇಜು ಮೊಬೈಲಿನೊಳಗೆ ಹೊಕ್ಕಿತ್ತು. ಮನೆಗೆಲ್ಲ ಇದ್ದದ್ದು ಒಂದೇ ಮೊಬೈಲು, ಅದರ ಪಕ್ಕದಲ್ಲೇ ಅಪ್ಪ ವೇಲುಚ್ಚಾಮಿಯ ಎರಡು ವಿದ್ಯುತ್ ಮಗ್ಗ. ಪ್ರಾಣಿಶಾಸ್ತ್ರದ ಮೇಡಂ ಕಪ್ಪೆಯ ಹೃದಯ ತೋರಿಸುವ ಹೊತ್ತಿಗೆ ಸರಿಯಾಗಿ ಚಿತ್ರ ನಿಂತುಬಿಡುತ್ತಿತ್ತು.

"ಕಪ್ಪೇನ ಕೈಯಲ್ಲಿ ಹಿಡಿದು ಕಲೀಬೇಕು ಕಣೇ. ಇದೇನು, ಫೋಟೋ ನೋಡಿ ಊಟ ಮಾಡಿದ ಹಾಗೆ!" ಎಂದು ಗೆಳತಿ ತಂಗಪುಷ್ಪಂ ಮುಂದೆ ಗೊಣಗುತ್ತಿದ್ದಳು.

ತಂಗಪುಷ್ಪಂಗೋ ಈ ಪಾಠವೇ ಬಲು ಇಷ್ಟ. "ನಿಂಗೆ ಬುದ್ಧಿ ಇಲ್ಲ. ಮೊಬೈಲ್ ಆನ್ ಮಾಡಿಟ್ಟು ನಾನಿಲ್ಲಿ ದೋಸೆ ಹುಯ್ತೀನಿ, ಅಲ್ಲಿ ಹಾಜರಿ ಬೀಳುತ್ತೆ."

ಮಾರಿಕ್ಕನಿ ಬೈದುಕೊಳ್ಳುತ್ತಲೇ ಒಂದು ತರಗತಿಯನ್ನೂ ಬಿಡದೆ ಕೂತಳು. ಪರೀಕ್ಷೆಗೆ ಮುಂಚೆ ಹಾಜರಿ ಪಟ್ಟಿ ಬಂತು. ತಂಗಪುಷ್ಪಂಗೆ ನೂರಕ್ಕೆ ತೊಂಬತ್ತಾರು. ಮಾರಿಕ್ಕನಿಗೆ ಸೊನ್ನೆ! ಎಪ್ಪತ್ತೈದು ಇಲ್ಲದವರು ಪರೀಕ್ಷೆಗೆ ಕೂರುವಂತಿಲ್ಲ. ಒಂದು ವರ್ಷ ಮಣ್ಣುಪಾಲು.

ಮರುದಿನ ಅಪ್ಪನನ್ನು ಎಳೆದುಕೊಂಡು ಕಾಲೇಜು ಕಚೇರಿಯ ಕಿಟಕಿಗೆ ಹೋದಳು. ಒಳಗೆ ಗುಮಾಸ್ತ ಸುಡಲೈಮುತ್ತು.

"ಅಣ್ಣಾಚ್ಚಿ, ದಿನಾ ಕೂತಿದ್ದೀನಿ. ಸೊನ್ನೆ ಹೆಂಗೆ ಬಂತು?"

"ಕಂಪ್ಯೂಟರ್ ಸುಳ್ಳು ಹೇಳಲ್ಲ ತಾಯಿ. ನಿಮ್ಮ ತರಗತೀಲೇ ಒಬ್ಬ ಬಂಗಾರದಂಥ ಹುಡುಗ ಇದಾನೆ, ನೂರಕ್ಕೆ ನೂರು! ವೇಲುಚ್ಚಾಮಿ ಅಂತ."

ಅಪ್ಪ ಬೆಚ್ಚಿದ. "ಅಯ್ಯೋ, ಅದು ನಾನಲ್ವಾ!"

ಆಗ ಮಾರಿಕ್ಕನಿಗೆ ಹೊಳೆಯಿತು. ಅಲ್ಲಿಯವರಿಗೆ ಇರುವುದೊಂದೇ ಹೆಸರು, ಅದರ ಮುಂದೆ ಅಪ್ಪನ ಹೆಸರಿನ ಮೊದಲಕ್ಷರ. ಪಾಠಕ್ಕೆ ಸೇರುವಾಗ ಮೊಬೈಲು 'ಮೊದಲ ಹೆಸರು' ಎಂದು ಕೇಳಿದಾಗ, ಮೊದಲು ಬರುವುದು ಅಪ್ಪನದಲ್ಲವೇ ಎಂದು ಇವಳು ಅದನ್ನೇ ತುಂಬಿದ್ದಳು. ಪಟ್ಟಿ ಮೊದಲನೆಯದನ್ನಷ್ಟೇ ಎತ್ತಿಕೊಂಡಿತ್ತು.

"ಹಂಗಾದ್ರೆ ಪರೀಕ್ಷೆ ಅವರೇ ಬರೀಲಿ," ಎಂದ ಸುಡಲೈಮುತ್ತು.

"ಬರೀತಾರೆ! ಕಪ್ಪೆ ಹೃದಯಕ್ಕೆ ಎಷ್ಟು ಕೋಣೆ ಅಂತ ಕೇಳಿ ನೋಡಿ, ಎರಡು ಮಗ್ಗ ಅಂತಾರೆ."

"ಮೂರು," ಎಂದ ಅಪ್ಪ ತಣ್ಣಗೆ. "ದಿನಾ ಕಿವಿಗೆ ಬೀಳ್ತಿತ್ತಲ್ಲ."

"ನೋಡಿದ್ಯಾ? ಹಾಜರಿದ್ರು!" ಎಂದ ಸುಡಲೈಮುತ್ತು.

"ಅಪ್ಪಾ! ಬಾಯಿ ಮುಚ್ಕೊಳ್ಳಪ್ಪಾ!"

ನಕ್ಕು ನಕ್ಕು ಸುಸ್ತಾದ ಸುಡಲೈಮುತ್ತು ಒಂದು ಹಾಳೆ ಕೊಟ್ಟು, ಇರುವುದನ್ನು ಇದ್ದ ಹಾಗೆ ಬರೆಯಿರಿ ಎಂದ. ಅಪ್ಪ ಗೋಡೆಗೊತ್ತಿ ಬರೆದ: 'ನಾನು ವೇಲುಚ್ಚಾಮಿ, ನೇಕಾರ. ಪ್ರಾಣಿಶಾಸ್ತ್ರ ಓದಿಲ್ಲ, ಓದುವ ಉದ್ದೇಶವೂ ಇಲ್ಲ. ನನ್ನ ಹಾಜರಿಯೆಲ್ಲ ನನ್ನ ಮಗಳದು.'

ಪ್ರಾಂಶುಪಾಲರ ಸಹಿ ಬೀಳಲು ಮಧ್ಯಾಹ್ನವಾಯಿತು. ಪರೀಕ್ಷೆಯ ಪ್ರವೇಶ ಚೀಟಿ ಕೈಗೆ ಬಂದರೂ ಮಾರಿಕ್ಕನಿ ಕಿಟಕಿ ಬಿಟ್ಟು ಕದಲಲಿಲ್ಲ.

"ಅಕ್ಕಾ, ಆಚೆ ಜರುಗು!" ಎಂದು ಸಾಲಿನಲ್ಲಿದ್ದವರು ಕೂಗಿದರು.

"ಇರ್ರೋ! ಇದು ನಾನೇನಾ ಅಂತ ಒಂದೊಂದಕ್ಷರಾನೂ ಓದ್ತಿದೀನಿ."