ಹತ್ತು ಗಂಟೆಗೇ ಬಂದ ತಪ್ಪಿಗೆ

ಮಿರಗದ, ಅಂದರೆ ಮೃಗಶಿರೆಯ, ಮಳೆ ಶುರುವಾಗಲಿದ್ದ ಒಂದು ಗುರುವಾರ, ಬೆಳಗಿನ ಹತ್ತು ಗಂಟೆ. ಸ್ಥಳ, ಕಮಲಾಪುರದ ಹೊರಗೆ ರಟ್ಟು ತಯಾರಿಸುವ ಕಾರ್ಖಾನೆಯ ಹಿಂದಿನ ಹಳ್ಳ. ಹಾಜರಿದ್ದವರು ನಾನು, ಮಾಲಿನ್ಯ ತಪಾಸಣೆಯ ಎಳೆಯ ಅಧಿಕಾರಿ ಮತ್ತು ಆಚೆ ದಂಡೆಯ ಬಾಳೆ ತೋಟದ ಒಡತಿ. ಹಾಜರಿರಬೇಕಿದ್ದ ಮ್ಯಾನೇಜರರು ಇನ್ನೂ ಕಲಬುರಗಿಯಲ್ಲಿ ನಮಗಾಗಿ ಹಾರ ಕೊಳ್ಳುತ್ತಿದ್ದರು.

ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ಹೊಲಸು ನೀರನ್ನು ಶುದ್ಧ ಮಾಡಿ ಹಳ್ಳಕ್ಕೆ ಬಿಡಲು ಕಾರ್ಖಾನೆಗಿದ್ದ ಪರವಾನಗಿಯ ಅವಧಿ ಆ ಗುರುವಾರಕ್ಕೇ ಮುಗಿಯುವುದಿತ್ತು. ಹೊಸದು ಕೊಡುವ ಮುನ್ನ ನಾಗರಿಕರ ಸಮಿತಿ ಕಣ್ಣಾರೆ ನೋಡಬೇಕು ಎಂದಾಯಿತು. ಅದಕ್ಕೆ ನನ್ನನ್ನು ಆರಿಸಿದ ಕಾರಣ ಸ್ಪಷ್ಟ. ನಿವೃತ್ತ ಹೆಡ್‌ಮಾಸ್ತರ ಎಂದರೆ ಶಾಲು ಹೊದಿಸಿದೊಡನೆ ಸಹಿ ಹಾಕುವ ಸಾಧು ಪ್ರಾಣಿ. ಉಳಿದ ಸದಸ್ಯರು ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಅನುಭವಸ್ಥ ವ್ಯಾಪಾರಿಗಳು. ಊಟದ ಹೊತ್ತಿಗೆ ತಲುಪಿದರೆ ಮಾತ್ರ ತಪಾಸಣೆ ಸಾಂಗವಾಗುತ್ತದೆ ಎಂದು ಅವರಿಗೆ ಗೊತ್ತಿತ್ತು.

ನೋಟಿಸಿನಲ್ಲಿ ಹತ್ತು ಗಂಟೆ ಎಂದಿತ್ತು. ಅಧಿಕಾರಿ ನನ್ನ ಹಳೆಯ ವಿದ್ಯಾರ್ಥಿ. ಹಿಂದಿನ ದಿನ ಫೋನಿನಲ್ಲಿ "ಹತ್ತಂದ್ರ ಹತ್ತೇ ಏನಪಾ" ಎಂದಿದ್ದೆ. ಪ್ರಾರ್ಥನೆಗೆ ತಡವಾಗಿ ಬಂದ ದಿನಗಳ ದನಿಯಲ್ಲೇ "ಹೌದ್ರಿ ಸರ್" ಎಂದಿದ್ದ. ಕಲಬುರಗಿಯಿಂದ ಹೊರಟ ನನ್ನ ಬಸ್ಸು ದಾರಿಯ ಮಹಾಗಾಂವ ದಾಟುವಾಗ ಅವನ ಜೀಪು ನಮ್ಮನ್ನು ಹಿಂದೆ ಹಾಕಿ ಓಡಿತು.

ಕಾರ್ಖಾನೆಯವರು ಪೈಪಿನ ಬಾಯಿಗೆ ಸುಣ್ಣ ಬಳಿದು ಮಾವಿನ ತೋರಣ ಕಟ್ಟಿದ್ದರು. ತೋರಣದ ಕೆಳಗೆ ಕಂದು ನೀರು, ಮದುವೆಮನೆಯ ಚಹಾದಂತೆ, ಧಾರಾಳವಾಗಿ ನೊರೆಯೊಂದಿಗೆ ಬೀಳುತ್ತಿತ್ತು.

"ದಿನಾ ಹಿಂಗೇ ನೋಡ್ರಿ ಮಾಸ್ತರ್ರ. ಸಾಹೇಬ್ರು ಬಂದ ದಿನ ಮಾತ್ರ ಪೈಪಿಗಿ ಉಪವಾಸ" ಎಂದಳು ಒಡತಿ. ಅವಳ ಬಾವಿ ಹಳ್ಳದ ಮಗ್ಗುಲಲ್ಲೇ ಇತ್ತು. ಬಾವಿಯ ನೀರೂ ಆಗಲೇ ನಾರತೊಡಗಿತ್ತು. "ಕೆಂಪು ಬಾಳಿ ಗಡ್ಡಿ ಕಿತ್ತು ನೆರಳಾಗ ಇಟ್ಟೀನ್ರಿ. ಇವರಿಗಿ ಮತ್ತ ಪರವಾನಗಿ ಸಿಕ್ರ ತೋಟದಾಗ ಹಚ್ಚಿ ಏನ್ ಮಾಡ್ಲಿ?"

ಅಧಿಕಾರಿ ಬಾಟಲಿ ತೆಗೆದು ಅನುಮಾನಿಸಿದ. "ಸರ್, ಉಳಿದ ಮೆಂಬರ್ರು..."

"ಹಾಜರಿ ಕರದಾಗ್ಯದ. ಬಾಟಲಿ ತುಂಬು."

ಅಷ್ಟರಲ್ಲಿ ಕಾವಲುಗಾರ ಓಡಿಬಂದ. "ಜರಾ ನಿಂದರ್ರಿ ಸಾಹೇಬ್ರ! ಹೊಲಸು ನೀರು ಬಂದ್ ಮಾಡಿ ಛಲೋ ನೀರು ಬಿಡೋದು ಹನ್ನೆರಡಕ್ಕ ಅದರಿ!"

"ನೋಟಿಸ್‌ನಾಗ ಹತ್ತು ಅಂತ ಅದಲ್ಲೋ?" ಎಂದೆ.

"ಅದು ಸರ್ಕಾರಿ ಹತ್ತು ರೀ. ಖರೇನೇ ಹತ್ತಕ್ಕ ಬರ್ತಾರಂತ ಯಾರ್ ತಿಳಕೋತಾರ?"

ಅವನ ಪ್ರಾಮಾಣಿಕತೆ ನನಗೆ ಮೆಚ್ಚಿಗೆಯಾಯಿತು. ಬಾಟಲಿಗೆ ಅರಗಿನ ಮುದ್ರೆ ಬಿತ್ತು. ಹಾಜರಿದ್ದವರೆಲ್ಲ ಸಹಿ ಮಾಡಿದೆವು.

ಮಧ್ಯಾಹ್ನ ಕಾರು ಬಂತು. ಹಾರಗಳ ಬುಟ್ಟಿ, ಮ್ಯಾನೇಜರರು, ಹಸಿದ ಸದಸ್ಯರು ಇಳಿದರು. ಪೈಪಿನಲ್ಲಿ ಈಗ ತೀರ್ಥದಂಥ ನೀರು.

"ಏನ್ ಗಡಬಡಿ ಮಾಡಿದ್ರಿ ಸರ್! ಊಟಾನೇ ಆಗಿಲ್ಲ. ಇನ್ನೊಂದ್ಸಲ ತಗೋರಿ, ಈಗ ನೀರು ಭಾಳ ಛಲೋ ಬರ್ಲಾಕತ್ತದ" ಎಂದರು ಮ್ಯಾನೇಜರರು.

"ಉತ್ತರ ನೋಡ್ಕೊಂಡು ಬಂದವರಿಗಿ ಮತ್ತ ಪರೀಕ್ಷಾ ಕೊಡೋ ಪದ್ಧತಿ ನಮ್ಮ ಸಾಲ್ಯಾಗ ಇದ್ದಿಲ್ರಿ" ಎಂದೆ. ತಂದದ್ದು ವ್ಯರ್ಥವಾಗಬಾರದೆಂದು ಹಾರವನ್ನು ನನಗೇ ಹಾಕಿದರು. ಅದನ್ನು ಒಡತಿಯ ಆಡು ನನಗಿಂತ ಹೆಚ್ಚು ಗೌರವದಿಂದ ಸ್ವೀಕರಿಸಿತು.

ಸಂಜೆ ಬಾಟಲಿಯೊಂದಿಗೆ ನಾವು ತಲುಪಿದಾಗ ಕಲಬುರಗಿಯ ಪ್ರಯೋಗಾಲಯದಲ್ಲಿ ಗುಮಾಸ್ತರು ಬೀಗ ಹಿಡಿದು ನಿಂತಿದ್ದರು. "ನಾಳಿ ತರ್ರಿ."

"ನಾಳಿತನಕ ಬಾಟಲಿಯೊಳಗಿನ ನೀರೂ ಸುಧಾರಿಸಿಬಿಟ್ರ?"

ಅವರು ನಿಟ್ಟುಸಿರಿಟ್ಟು ಬೀಗ ತೆಗೆದರು. ಬಾಟಲಿ ಒಳಗೆ ಹೋಯಿತು.

ಸೂಪರ್ ಮಾರ್ಕೆಟ್‌ನ ಎಸ್‌ಟಿಡಿ ಬೂತಿನಿಂದ ಕಮಲಾಪುರದ ಕಿರಾಣಿ ಅಂಗಡಿಗೆ ಫೋನ್ ಮಾಡಿ, ಪಕ್ಕದ ಮನೆಯಿಂದ ಒಡತಿಯನ್ನು ಕರೆಸಿದೆ.

"ಬಾಟಲಿ ಕೊಟ್ಟೀವಿ ತಂಗಿ. ಹಳೇ ಪರವಾನಗಿ ಇವತ್ತಿಗಿ ಮುಗೀತು, ರಿಪೋರ್ಟ್ ಬರೋತನಕ ಅವರಿಗಿ ಹೊಸಾದು ಇಲ್ಲ. ನೀರು ಬಿಡಂಗಿಲ್ಲ."

"ಹಂಗಾದ್ರ ಗಡ್ಡಿ ಹಚ್ಲೇನ್ರಿ?"

"ಹಚ್ಚು. ಮ್ಯಾನೇಜರರಿಗಿ ಮಾತ್ರ ತಿಳಿಸಬ್ಯಾಡ. ತೋರಣ ತಗೊಂಡು ಬಂದಾರು."

ಆ ಕಡೆ ಅವಳು ನಕ್ಕದ್ದು ಕೇಳಿಸಿತು. ಫೋನಿಟ್ಟು ಮನೆಗೆ ನಡೆದೆ.