ನಾನು ಬಾವಿಗೆ ನೂಕಿದ ಗಿರಿಜೆ

ವಾಚನಾಲಯದ ಗೆಳೆಯರೇ, ಈ ಅಭಿಪ್ರಾಯದ ವಹಿಯಲ್ಲಿ ಇವತ್ತು ನನ್ನ ಮರ್ಯಾದೆಯನ್ನು ನಾನೇ ಕಳೆದುಕೊಳ್ಳುತ್ತಿದ್ದೇನೆ.

ನಿಜಾಮ ಸರಕಾರದ ಶಾಲೆಯಲ್ಲಿ ಉರ್ದು ಕಲಿಸುವ ನಾನು, ಶುಕ್ರವಾರದ ಸೂಟಿಯಲ್ಲಿ ನಮ್ಮ ಓಣಿಯ ಉಣ್ಣೆ ನೂಲುವ ಹೆಂಗಸರಿಗೆ ಕನ್ನಡ ಕಾದಂಬರಿ ಓದಿ ಹೇಳುತ್ತೇನೆ. ಹಿಂದೆ ಒಂದು ಕಾದಂಬರಿ ಅರವತ್ತನೇ ಪುಟಕ್ಕೇ ಬೇಸರ ತಂದಿತು. ಬಿಟ್ಟೆ. ಪುಸ್ತಕವನ್ನೂ ಆ ಹೆಂಗಸರಲ್ಲಿ ಒಬ್ಬಳಾದ ಯಲ್ಲವ್ವನ ಮನೆಯಲ್ಲೇ ಮರೆತೆ. "ಮುಂದ ಏನಾತ್ರಿ?" ಎಂದು ಅವಳು ಕೇಳಿದ್ದಕ್ಕೆ, ನಾಯಕಿ ಗಿರಿಜೆ ಬಾವಿಗೆ ಬಿದ್ದು ಸತ್ತಳು ಎಂದೆ. ಎಲ್ಲರೂ ಅತ್ತರು. ನನಗೆ ಹೆಮ್ಮೆಯೂ ಆಯಿತು.

ಇಂದು ಯಲ್ಲವ್ವ ಆ ಪುಸ್ತಕ ಹಿಡಿದುಕೊಂಡೇ ಕಾಯುತ್ತಿದ್ದಳು. ಬಾಣಂತನ ಮುಗಿಸಿ ತವರೂರು ತಳಕಲ್ಲಿನಿಂದ ಬಂದ ಅವಳ ಸೊಸೆಗೆ ಓದು ಬರುತ್ತದೆ. ಪೂರ್ತಿ ಓದಿದ್ದಾಳೆ.

"ಗಿರಿಜಾ ಸತ್ತಿಲ್ಲಂತಲ್ರಿ ಮಾಸ್ತರ! ಲಗ್ನ ಆಗಿ ಛಲೋ ಅದಾಳಂತ."

ಪುಸ್ತಕವನ್ನು ನನ್ನ ಮುಂದಿಟ್ಟಳು.

"ಮೊಮ್ಮಗಳಿಗೆ ಅದ ಹೆಸರು ಇಡಬೇಕಂತ ಮನ್ಯಾಗ ಎಲ್ಲಾರಿಗೂ ಭಾಳ ಆಸೆ ಇತ್ರಿ. ಬಾವಿಗಿ ಬಿದ್ದಾಕಿ ಹೆಸರು ಕೂಸಿಗೆ ಬ್ಯಾಡಂತ ನಾನ ಬಿಡಿಸಿದೆ. ನಿಂಗವ್ವ ಅಂತ ಕರದ್ವಿ. ಈಗ ಏನ್ ಮಾಡ್ಲಿ?"

ಸೊಸೆ ಕೂಸನ್ನು ತಟ್ಟುತ್ತ ನಕ್ಕಳು. ಬೈದಿದ್ದರೆ ವಾಸಿಯಿತ್ತು.

"ತಪ್ಪಾತವ್ವಾ. ನಾ ಓದಿರಲಿಲ್ಲ."

"ಹಂಗಾದ್ರ ಕೂಡ್ರಿ. ಬಿಟ್ಟಲ್ಲಿಂದ ಓದ್ರಿ. ತಪ್ಪಿದ್ರ ಸೊಸಿ ಹೇಳ್ತಾಳ."

ದೀಪ ಹಚ್ಚುವ ಹೊತ್ತಿಗೆ ಮುಗಿಯಿತು.

ನನ್ನ ಅಭಿಪ್ರಾಯ: ಅರವತ್ತನೇ ಪುಟದಾಚೆ ಪುಸ್ತಕ ಬಹಳ ಚೆನ್ನಾಗಿದೆ. ಈ ವಹಿಯಲ್ಲಿ ನಾನು ಈವರೆಗೆ ಹೊಗಳಿದ, ತೆಗಳಿದ ಉಳಿದ ಪುಸ್ತಕಗಳನ್ನು ದಯವಿಟ್ಟು ನೀವೇ ಒಮ್ಮೆ ಓದಿಕೊಳ್ಳಿ.