ಚಿಕ್ಕಮ್ಮನ ಒಂದೇ ಒಂದು ಡೈಲಾಗು

ನಮ್ಮ ಚಿಕ್ಕಮ್ಮ ಸಿನಿಮಾದವಳು. ಹೀಗೆಂದರೆ ಕೆಲವರು ಮೂಗು ಮುರಿಯುತ್ತಾರೆ, ಮುರಿದುಕೊಳ್ಳಲಿ. ನಾಯಕ ಓಡುವ ಬೀದಿಯಲ್ಲಿ ತರಕಾರಿ ಆರಿಸುವವಳು, ನಾಯಕಿ ಅಳುವ ಆಸ್ಪತ್ರೆಯಲ್ಲಿ ಬೆಂಚಿನ ಮೇಲೆ ಕೂತವಳು, ಎಲ್ಲ ಅವಳೇ. ಗುಂಪಿನಲ್ಲಿ ನಟಿಸುವವರಿಗೆ ಒಂದು ಕಟ್ಟಪ್ಪಣೆ ಇದೆ: ಬಾಯಿ ಆಡಿಸಬೇಕು, ದನಿ ಹೊರಡಬಾರದು. ಹೊರಟರೆ ನಾಯಕನ ಮಾತು ಕೆಡುತ್ತದೆ. ಇದರಲ್ಲಿ ಚಿಕ್ಕಮ್ಮ ಎತ್ತಿದ ಕೈ. ಪಕ್ಕದವಳ ಜೊತೆ ಕೈ ತಿರುಗಿಸಿ ತಿರುಗಿಸಿ ಜಗಳವಾಡುತ್ತಾಳೆ, ಒಂದಿಷ್ಟೂ ಸದ್ದಿರುವುದಿಲ್ಲ.

ಮನೆಯಲ್ಲಿ ಮಾತ್ರ ಅವಳ ಗಂಟಲಿಗೆ ಮೇಲಿನ ಮಹಡಿಯವರೂ ಕಿಟಕಿ ಮುಚ್ಚಿಕೊಳ್ಳುತ್ತಾರೆ. ಅದೆಲ್ಲ ಚಿಕ್ಕಪ್ಪನ ಪಾಲಿಗೆ. ಅವರು ಶೂಟಿಂಗಿನಲ್ಲಿ ಲೈಟ್ ಬಾಯ್. ತಲೆ ನರೆತರೂ ಆ ಕೆಲಸದ ಹೆಸರು ಅದೇ. ಊರಿಗೆಲ್ಲ ಬೆಳಕು ಹಿಡಿಯುವ ಮನುಷ್ಯ ಮನೆಯ ಬಲ್ಬು ಬದಲಿಸಬೇಕಾದರೆ ಇವಳು ಬೊಬ್ಬೆ ಹೊಡೆಯಲೇಬೇಕು.

ರಜೆ ಕಳೆಯಲು ನಗರಕ್ಕೆ ಬಂದ ನಾಲ್ವರು ಪುಂಡರು ದೊಡ್ಡ ಹೋಟೆಲೊಂದನ್ನು ತಲೆಕೆಳಗು ಮಾಡುವ ಹಾಸ್ಯಚಿತ್ರವೊಂದು ಭರ್ಜರಿಯಾಗಿ ಓಡಿತ್ತು. ಅದರಲ್ಲಿ ಬಕೆಟ್ ಹಿಡಿದು ಕಾರಿಡಾರು ದಾಟುವವಳು ನಮ್ಮ ಚಿಕ್ಕಮ್ಮ. ಎರಡನೇ ಭಾಗದಲ್ಲಿ ಅದೇ ಪುಂಡರು ಅತ್ತೆ ಮಾವಂದಿರನ್ನೂ ಕಟ್ಟಿಕೊಂಡು ಬರುತ್ತಾರೆ. ನಿರ್ದೇಶಕರು ಬಕೆಟ್ಟಿನವಳನ್ನು ಮರೆತಿರಲಿಲ್ಲ, ಈ ಸಲ ಅವಳಿಗೆ ಒಂದು ಡೈಲಾಗು ಕೊಟ್ಟರು. ಪುಂಡರು ದಿಂಬು ಹರಿದು ಹತ್ತಿ ಹಾರಿಸುವಾಗ ಅವಳು ಕಿರುಚಬೇಕು: “ಜನ್ಮದಲ್ಲಿ ಒಂದು ಕೆಲಸಾನಾದ್ರೂ ನೆಟ್ಟಗೆ ಮಾಡಿದ್ದೀರಾ?” ಅವಳ ದನಿ ಥಿಯೇಟರಿನಲ್ಲಿ ಕೇಳಿಸಲು ಸಿಕ್ಕಿದ ಮೊದಲ ಅವಕಾಶ ಅದು. ವಾರವಿಡೀ ಪಾತ್ರೆ ತೊಳೆಯುತ್ತಾ ಅದನ್ನೇ ಹೇಳಿಕೊಂಡಳು.

ಶೂಟಿಂಗಿನ ದಿನ ನಟರ ಬಟ್ಟೆ ಇಸ್ತ್ರಿ ಮಾಡುವ ಕೆಲಸಕ್ಕೆ ನಾನೂ ಅಲ್ಲಿದ್ದೆ. ಆ್ಯಕ್ಷನ್ ಅಂದರು, ಹತ್ತಿ ಹಾರಿತು. ಚಿಕ್ಕಮ್ಮ ಬಕೆಟ್ ಕುಕ್ಕಿ, ಸೊಂಟದ ಮೇಲೆ ಕೈಯಿಟ್ಟು, ಕೊರಳಿನ ನರ ಉಬ್ಬುವಂತೆ ಕಿರುಚಿದಳು. ಬಾಯಿ ಆಡಿತು, ದನಿಯೇ ಇಲ್ಲ! ಅಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಮತ್ತೆ ಮಾಡಿಸಿದರು, ಮತ್ತೆ ಅದೇ ಕಥೆ. ಅಷ್ಟು ವರ್ಷಗಳ ಅಭ್ಯಾಸ. ಕ್ಯಾಮೆರಾ ತಿರುಗಿದ ಕೂಡಲೇ ಗಂಟಲು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಹರಿಯಲು ತಂದ ದಿಂಬುಗಳೂ ಮುಗಿಯುತ್ತಾ ಬಂದವು.

“ಬಿಡಿ ಅಮ್ಮ, ಆಮೇಲೆ ಬೇರೆಯವರ ಧ್ವನಿ ಹಾಕಿಸ್ತೀವಿ,” ಎಂದರು ನಿರ್ದೇಶಕರು.

ಚಿಕ್ಕಮ್ಮನ ಮುಖ ಇಷ್ಟೇ ಇಷ್ಟಾಯಿತು. “ನನ್ನ ಬಾಯಿಗೆ ಬೇರೆಯವರ ಧ್ವನಿಯಾ? ಬೇಡ ಸಾರ್. ಇನ್ನೊಂದೇ ಒಂದು ಸಲ. ನಮ್ಮ ಯಜಮಾನರನ್ನ ಕ್ಯಾಮೆರಾ ಪಕ್ಕ ನಿಲ್ಲಿಸಿ.”

ಚಿಕ್ಕಪ್ಪ ಲೈಟನ್ನು ಇನ್ನೊಬ್ಬರ ಕೈಗೆ ಕೊಟ್ಟು ಬಂದರು. “ನಾನೇನು ಮಾಡಿದೆ ಕಣೇ?”

“ಸುಮ್ನೆ ನಿಂತ್ಕೊಳ್ರಿ. ಮಿಕ್ಕಿದ್ದು ನಾನು ನೋಡ್ಕೋತೀನಿ.”

ಹತ್ತಿ ಹಾರಿತು. ಅವಳು ಚಿಕ್ಕಪ್ಪನ ಮುಖ ನೋಡಿದಳು. “ಜನ್ಮದಲ್ಲಿ ಒಂದು ಕೆಲಸಾನಾದ್ರೂ ನೆಟ್ಟಗೆ ಮಾಡಿದ್ದೀರಾ?” ನಾಯಕನ ಕೈಯಿಂದ ದಿಂಬು ಜಾರಿತು, ಅದು ಅಭಿನಯವಲ್ಲ, ಎಲ್ಲಿ ಬೇಕಾದರೂ ಆಣೆ ಮಾಡುತ್ತೇನೆ. ಕಟ್ ಹೇಳುವುದನ್ನೇ ನಿರ್ದೇಶಕರು ಮರೆತರು. ಇವಳು ನಿಲ್ಲುತ್ತಾಳೆಯೇ? “ಬಲ್ಬು ಹಾಕಿ ಅಂತ ಎಷ್ಟು ಸಲ ಬಡ್ಕೊಳ್ಳಲಿ!” ಎಂದು ಮುಂದುವರಿಸಿದಳು. ಅದನ್ನೂ ಚಿತ್ರದಲ್ಲಿ ಉಳಿಸಿಕೊಂಡರು.

ಬಿಡುಗಡೆಯ ದಿನ ಮನೆಮಂದಿಯೆಲ್ಲ ಸಾಲಾಗಿ ಕೂತಿದ್ದೆವು. ಆ ದೃಶ್ಯ ಬಂತು, ಅವಳ ದನಿ ಥಿಯೇಟರಿನ ಗೋಡೆಗೆ ಬಡಿಯಿತು, ಜನ ಸೀಟಿ ಹೊಡೆದರು. ಹೆಮ್ಮೆಯಿಂದ ನನಗೆ ಅಳುವೇ ಬಂತು. ಚಿಕ್ಕಪ್ಪ ಮಾತ್ರ ಎದೆಯುಬ್ಬಿಸಿ, ನಗುತ್ತಿದ್ದ ಪಕ್ಕದ ಸೀಟಿನ ಅಪರಿಚಿತನ ತೋಳು ಹಿಡಿದು ಅಲ್ಲಾಡಿಸಿದರು.

“ಅದು ನನಗೇ ಬೈದಿದ್ದು ಸಾರ್. ಧ್ವನಿನೂ ಅವಳದೇ, ನನ್ನ ಹೆಂಡ್ತೀದು.”